ಅವ್ವನ ಮೂರು ಬೇಡ

ಹೋದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬ ಹುಡುಗ ಸಿಕ್ಕಿದ. ಮದ್ದೂರು ಕಡೆಯವನು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. "ಸರ್, ಮುಂದಿನ ತಿಂಗಳು ನಮ್ಮಪ್ಪನ ಬರ್ತ್‌ಡೇ. ಏನೂ ಹೇಳದೆ ಬೆಂಗಳೂರಿಗೆ ಕರ್ಕೊಂಡು ಬಂದು ಫುಲ್ ಡೇ ಸರ್ಪ್ರೈಸ್ ಕೊಡೋಣ ಅಂತ. ವಸಿ ಐಡಿಯಾ ಕೊಡಿ" ಅಂದ. ಸುತ್ತ ಕೂತಿದ್ದವರೆಲ್ಲ ಕೊಟ್ಟರು. ಒಬ್ಬ ಪ್ರೈವೇಟ್ ಥಿಯೇಟರ್ ಅಂದ, ಇನ್ನೊಬ್ಬ ರೂಫ್‌ಟಾಪ್ ಊಟ ಅಂದ, ಮತ್ತೊಬ್ಬ ಕಾರಿನ ಡಿಕ್ಕಿ ತುಂಬ ಬಲೂನು ತುಂಬಿಸು ಅಂದ. ನಾನು "ಮೊದಲು ನಿಮ್ಮಪ್ಪನಿಗೆ ಫೋನ್ ಮಾಡಿ ಕೇಳು" ಅಂದೆ. ಎಲ್ಲರೂ ನಕ್ಕರು. ಕೇಳಿದ್ರೆ ಅದು ಸರ್ಪ್ರೈಸ್ ಹೆಂಗಾಗುತ್ತೆ ಗುರು?

ಆಗಬಾರದು ಅಂತಾನೇ ನಾನು ಹೇಳ್ತಿರೋದು. ಊರಲ್ಲಿರೋ ಅಪ್ಪ ಅವ್ವನಿಗೆ ಬೆಂಗಳೂರಲ್ಲಿ ಸರ್ಪ್ರೈಸ್ ಹುಟ್ಟುಹಬ್ಬ ಮಾಡೋದು ಪ್ರೀತಿ ಅಲ್ಲ, ನಮ್ಮ ಸೋಮಾರಿತನ. ಕೋಪ ಮಾಡ್ಕೋಬೇಡಿ, ಈ ತಪ್ಪನ್ನ ಪೂರ್ತಿ ದುಡ್ಡು ಕೊಟ್ಟು ಮಾಡಿರೋನು ನಾನು.

ಮೊದಲು ಹುಟ್ಟುಹಬ್ಬದ ಕಥೆಯನ್ನೇ ನೋಡಿ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯಲ್ಲಿ ಹುಟ್ಟಿದವರಿಗೆ ತಾರೀಖು ಎಲ್ಲಿಂದ ಬರಬೇಕು? ಶಾಲೆ ಮೆಟ್ಟಿಲು ಹತ್ತಿದವರಿಗೆ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ಹತ್ತದೇ ಇದ್ದವರಿಗೆ ಆಧಾರ್ ಮಾಡುವವನು ಜನವರಿ 1 ಅಂತ ಒತ್ತಿದ. ನಮ್ಮವ್ವನದೂ ಜನವರಿ 1. ಕೇಳಿದರೆ ಅವಳು ಹೇಳೋದು, "ಸುಗ್ಗಿ ಮುಗ್ದು ಯುಗಾದಿ ಇನ್ನೂ ಬಂದಿರ್ಲಿಲ್ಲವಂತೆ ಕಣಪ್ಪ, ನಮ್ಮವ್ವ ಯೇಳ್ತಿದ್ಲು." ಅಂದರೆ ನಾನು ಸಂಭ್ರಮಿಸೋಕೆ ಹೊರಟಿದ್ದು ಅವ್ವ ಹುಟ್ಟಿದ ದಿನವನ್ನಲ್ಲ, ಆಧಾರ್ ಸೆಂಟರಿನ ಕಂಪ್ಯೂಟರಿನ ಡೀಫಾಲ್ಟ್ ವ್ಯಾಲ್ಯೂವನ್ನ. ಇಂಜಿನಿಯರ್ ಆಗಿ ನನಗಾದರೂ ಹೊಳೀಬೇಕಿತ್ತು.

2025ರ ಜನವರಿ 1, ಬುಧವಾರ. ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ಹಿಂದಿನ ರಾತ್ರಿಯೇ ಊರಿಗೆ ಹೋಗಿದ್ದೆ. ಬೆಳಿಗ್ಗೆ "ಮದ್ದೂರಲ್ಲಿ ಒಂದು ಕೆಲಸ ಐತೆ, ಬಾ, ಒಂದು ಗಂಟೇಲಿ ಬಂದುಬಿಡೋಣ" ಅಂತ ಸುಳ್ಳು ಹೇಳಿ ಕಾರಿಗೆ ಹತ್ತಿಸಿದೆ. ಅವ್ವ ಮನೇಲಿ ಉಡೋ ಸೀರೆ, ಕಾಲಿಗೆ ಹವಾಯಿ ಚಪ್ಪಲಿ. ಮದ್ದೂರು ದಾಟಿ ಬೆಂಗಳೂರು ಕಡೆ ತಿರುಗಿಸಿದಾಗ "ಇದ್ಯಾಕ್ಲಾ ಮಗ ಇಂಗೆ ಬಂದೆ?" ಅಂದಳು. ನಾನು ನಗ್ತಾ "ಸರ್ಪ್ರೈಸ್" ಅಂದೆ. ಅವ್ವ ನಗಲಿಲ್ಲ. ಅವಳ ಬಾಯಿಂದ ಬಂದ ಮೊದಲ ಮಾತು, "ಸಾಯಂಕಾಲ ಆಲು ಕರೆಯೋರು ಯಾರು?"

ಹಾಲಿನ ವಿಷಯ ಪಟ್ಟಣದವರಿಗೆ ತಮಾಷೆ. ಮಂಡ್ಯ ಜಿಲ್ಲೆಯಲ್ಲಿ ಒಂದು ಮನೆ ನಡೆಯೋದು ಕಬ್ಬಿನ ಬಿಲ್ಲಿನಿಂದ ಅಂತ ಹೊರಗಿನವರು ತಿಳ್ಕೊಂಡಿದ್ದಾರೆ. ಕಬ್ಬಿನ ದುಡ್ಡು ಬಂದಾಗ ಬಂತು. ವಾರದ ಸಂತೆ, ಮಾತ್ರೆ, ಮೊಮ್ಮಗಳಿಗೆ ಕೊಡೋ ನೂರು ರೂಪಾಯಿ ಇವೆಲ್ಲ ನಡೆಯೋದು ಡೇರಿ ದುಡ್ಡಲ್ಲಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕರೀಲೇಬೇಕು. ನಮ್ಮನೆ ಹಸು ಬೇರೆಯವರ ಕೈ ತಾಗಿದರೆ ಒದೆಯುತ್ತೆ. ಅವ್ವ ಊರು ಬಿಡಬೇಕಾದ್ರೆ ಎರಡು ದಿನ ಮುಂಚಿಂದಲೇ ಪಕ್ಕದ ಮನೆಯವಳನ್ನ ಕರೆದು ಹಸು ಮುಂದೆ ನಿಲ್ಲಿಸಿ, ಬೂಸಾ ಅವಳ ಕೈಯಲ್ಲೇ ಹಾಕಿಸಿ ಪಳಗಿಸ್ತಾಳೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದು ಹ್ಯಾಂಡ್‌ಓವರ್. ಆಫೀಸಲ್ಲಿ ಒಂದು ದಿನ ರಜೆ ಹಾಕೋಕೆ ನಾವು ನಾಲ್ಕು ಜನಕ್ಕೆ ಮೇಲ್ ಹಾಕ್ತೀವಿ. ಅವ್ವನಿಗೂ ಕೆಲಸ ಇದೆ ಅನ್ನೋದು ಮಾತ್ರ ನಮ್ಮ ತಲೆಗೆ ಬರಲ್ಲ.

ರಾಮನಗರ ದಾಟೋ ಹೊತ್ತಿಗೆ ಎರಡನೇ ಮಾತು ಬಂತು. ಸಕ್ಕರೆ ಕಾಯಿಲೆ ಮಾತ್ರೆ ಮನೇಲೇ ಇತ್ತು. ಒಂದು ಗಂಟೇಲಿ ಬರೋಣ ಅಂತ ನಾನೇ ಅಲ್ವಾ ಹೇಳಿದ್ದು. ಪಕ್ಕದ ಮನೆ ಹುಡುಗನಿಗೆ ಫೋನ್ ಮಾಡಿ, ಬೀಗದ ಕೈ ಎಲ್ಲಿದೆ ಅಂತ ಅವ್ವ ಹೇಳಿ, ಅವನು ಹುಡುಕಿ ಮಾತ್ರೆ ಹಾಳೆಯ ಫೋಟೋ ಕಳಿಸಿ, ಕೆಂಗೇರಿ ಹತ್ತಿರ ಮೆಡಿಕಲ್ ಶಾಪ್ ಹುಡುಕಿ ತಗೊಂಡಿದ್ದಾಯ್ತು. ಸಕ್ಕರೆ ಕಾಯಿಲೆಯವಳಿಗೆ ಮಾತ್ರೆ ಮರೆತು ಎರಡು ಕೇಜಿ ಕೇಕ್ ಆರ್ಡರ್ ಮಾಡಿದ್ದ ಮಗ ನಾನು.

ಪ್ರೈವೇಟ್ ಥಿಯೇಟರ್ ಅಂದರೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಒಂದು ಸಣ್ಣ ರೂಮು, ಒಂದು ಪರದೆ, ಸೋಫಾ, ಗೋಡೆ ತುಂಬ ಬಲೂನು. ಬಾಗಿಲು ತೆಗೆದ ತಕ್ಷಣ ಹೊಗೆ ಬಿಡ್ತಾರೆ, ಜೋರಾಗಿ ಹಾಡು ಹಾಕ್ತಾರೆ. ಒಂದೆರಡು ಗಂಟೆ ಲೆಕ್ಕದಲ್ಲಿ ಬಾಡಿಗೆ. ಹೆಂಡತಿ, ಮಗಳು ಒಳಗೆ ಬಚ್ಚಿಟ್ಟುಕೊಂಡಿದ್ದರು. ಹೊಗೆ ಬಂದಾಗ ಅವ್ವ ಬೆಂಕಿ ಬಿತ್ತು ಅಂದುಕೊಂಡು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಆ ಹಿಡಿತ ಇನ್ನೂ ನೆನಪಿದೆ. ಆಮೇಲೆ ಪರದೆ ಮೇಲೆ ಅವಳ ಫೋಟೋಗಳು. ಅವ್ವನ ಹಳೇ ಫೋಟೋ ಅಂತ ನಮ್ಮ ಹತ್ತಿರ ಇರೋದೇ ಮೂರು: ಮದುವೇದು, ರೇಷನ್ ಕಾರ್ಡಿಂದು, ಆಧಾರಿಂದು. ಅವನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ಅವ್ವ ಹವಾಯಿ ಚಪ್ಪಲಿ ಕಾಣದ ಹಾಗೆ ಸೀರೆ ಕೆಳಗೆ ಎಳೆದುಕೊಂಡು ನಿಂತಿದ್ದಳು. ಕೇಕ್ ಕಟ್ ಮಾಡೋ ಮುಂಚೆ ನನ್ನ ಕಿವಿ ಹತ್ತಿರ ಬಂದು "ಧನುರ್ಮಾಸದಲ್ಲಿ ಯಾರಾದ್ರೂ ಇಂಥವೆಲ್ಲ ಮಾಡ್ತಾರೇನ್ಲಾ?" ಅಂದಳು.

ವಿಡಿಯೋದಲ್ಲಿ ಅವ್ವ ನಗ್ತಿದ್ದಾಳೆ. ನೋಡಿದವರೆಲ್ಲ "ಸೋ ಕ್ಯೂಟ್" ಅಂದರು. ಆ ನಗು ನನಗೆ ಗೊತ್ತು. ಬೀಗರು ಬಂದಾಗ ಮನೇಲಿ ಸಕ್ಕರೆ ಖಾಲಿ ಆಗಿದ್ರೆ ನಗ್ತಾಳಲ್ಲ, ಅದು.

ಇನ್ನು ಬಟ್ಟೆ ವಿಷಯ. ಇದು ಸಣ್ಣದು ಅನ್ನಬೇಡಿ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ಒಬ್ಬ ರೈತನನ್ನ ತಡೆದು ನಿಲ್ಲಿಸಿದ್ದರು. ಅದೇ ವರ್ಷ ಜುಲೈನಲ್ಲಿ ಹಾವೇರಿ ಕಡೆಯ ಒಬ್ಬ ಮಗ ಅಪ್ಪನನ್ನ ಸಿನಿಮಾಗೆ ಅಂತ ಮಾಗಡಿ ರಸ್ತೆಯ ಮಾಲಿಗೆ ಕರೆದುಕೊಂಡು ಹೋದರೆ, ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆವರೆಗೂ ಹೋಯ್ತು. ತಪ್ಪು ಪಂಚೆಯದ್ದಲ್ಲ, ಬಾಗಿಲಲ್ಲಿ ನಿಂತವರದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಊರಿನ ಬಾಗಿಲುಗಳು ಹಿಂಗಿವೆ ಅಂತ ನಮಗೆ ಗೊತ್ತು, ಅಪ್ಪ ಅವ್ವನಿಗೆ ಗೊತ್ತಿಲ್ಲ. ಏನು ಉಡಬೇಕು ಅನ್ನೋ ಒಂದು ಆಯ್ಕೆಯನ್ನೂ ಅವರಿಂದ ಕಿತ್ಕೊಂಡು ಆ ಬಾಗಿಲಿನ ಮುಂದೆ ನಿಲ್ಲಿಸಿದರೆ ಏನರ್ಥ? ಅವ್ವನ ಹತ್ತಿರ ಒಳ್ಳೆ ಸೀರೆ ಇಲ್ಲ ಅಂತ ಅಲ್ಲ. ಬೀರುವಿನಲ್ಲಿ ನಾನೇ ಕೊಡಿಸಿದ ಮೈಸೂರು ಸಿಲ್ಕ್ ಇದೆ. ಅದನ್ನುಟ್ಟು ಬೆಂಗಳೂರಿಗೆ ಬರೋ ಸಂತೋಷವನ್ನ ಕಿತ್ಕೊಂಡವನು ಸೆಕ್ಯೂರಿಟಿ ಅಲ್ಲ, ನಾನು.

ನಮ್ಮೂರಲ್ಲಿ ಪ್ರಯಾಣದ ಸುಖ ಇರೋದೇ ಹೊರಡೋ ಮುಂಚೆ. ನಾಲ್ಕು ದಿನ ಮುಂಚೆ ಬಾವಿಕಟ್ಟೆ, ಡೇರಿ, ಅಂಗಡಿ ಎಲ್ಲ ಕಡೆ "ನಾಳಿದ್ದು ಮಗನ ಮನೆಗೆ ಓಯ್ತೀನಿ" ಅಂತ ಹೇಳಿ ಬರಬೇಕು. ಅವರು "ನಮ್ಮ ಉಡುಗನ್ನೂ ನೋಡ್ಕಂಡ್ ಬಾ" ಅಂತ ಒಂದು ಗಂಟು ಕೊಡಬೇಕು. ಮೊಮ್ಮಗಳಿಗೆ ಕಜ್ಜಾಯ, ನಿಪ್ಪಟ್ಟು ಮಾಡಬೇಕು. ಸರ್ಪ್ರೈಸ್ ಅಂದರೆ ಈ ನಾಲ್ಕು ದಿನವನ್ನ ಕದ್ದು ಎರಡು ಗಂಟೆಯ ಹೊಗೆ ಕೊಡೋದು. ಲೆಕ್ಕ ಹಾಕಿ, ನಷ್ಟದ ವ್ಯಾಪಾರ.

ಇನ್ನೊಂದು ಮಾತು. ಬೆಂಗಳೂರು "ತೋರಿಸ್ತೀನಿ" ಅಂತೀವಲ್ಲ, ಯಾರಿಗೆ? 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಆ ಕರೆಂಟಿನಿಂದ. 1974ರಿಂದ ಬೆಂಗಳೂರು ಕುಡಿಯೋ ಕಾವೇರಿ ನೀರು ಹೊರಡೋದು ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್, ಮೂರು ಕಡೆ ಪಂಪ್ ಮಾಡಿ ಮೇಲೆತ್ತಿ ತರ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯ್ತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ನಮ್ಮ ಕಡೆಯವರು ಬೆಂಗಳೂರಿಗೆ ಸಾಲಗಾರರಲ್ಲ. ಕಣ್ಣು ಕಟ್ಟಿ ಕರೆತಂದು, ಬಿಚ್ಚಿ, "ನೋಡು ಎಷ್ಟು ಚೆನ್ನಾಗಿದೆ" ಅನ್ನಿಸ್ಕೊಳ್ಳಬೇಕಾದ ಮಕ್ಕಳೂ ಅಲ್ಲ. ಹೇಳಿ ಕರೆಸಿಕೊಳ್ಳಬೇಕಾದ ಹಿರಿಯರು.

ಈಗ ನಿಮ್ಮ ವಾದಕ್ಕೆ ಬರ್ತೀನಿ. "ಕೇಳಿದ್ರೆ ಬೇಡ ಅಂತಾರೆ. ತಮಗೋಸ್ಕರ ಒಂದು ರೂಪಾಯಿ ಖರ್ಚು ಮಾಡೋಕೆ ಬಿಡಲ್ಲ. ಅದಕ್ಕೇ ಹೇಳದೆ ಮಾಡಬೇಕು." ಇದರಲ್ಲಿ ಅರ್ಧ ನಿಜ ಇದೆ. ಬೇಡ ಅಂತಾರೆ, ಖಂಡಿತ ಅಂತಾರೆ. ಆದರೆ ಆ ಬೇಡ ಏನು ಅಂತ ನಾವು ಯಾವತ್ತಾದರೂ ಕಿವಿಗೊಟ್ಟು ಕೇಳಿದ್ದೀವಾ?

ನಾನು ಆ ವರ್ಷ ಯುಗಾದಿಗೆ ಹೋದಾಗ ಕೇಳಿದೆ. "ಅವ್ವ, ಒಂದಿನ ಬೆಂಗಳೂರಿಗೆ ಬಾ, ನೀನು ಹೇಳಿದ ಕಡೆ ಹೋಗೋಣ." ಮೊದಲನೇ ಬೇಡ: "ಸುಮ್ನೆ ಯಾಕೆ ದುಡ್ಡು ದಂಡ." ಇದು ದುಡ್ಡಿನ ಬೇಡ. ಎಷ್ಟಾಗುತ್ತೆ ಅಂತ ಲೆಕ್ಕ ಹೇಳಿದೆ. ಎರಡನೇ ಬೇಡ: "ಹಸ ಬುಟ್ಬುಟ್ಟು ಎಂಗ್ ಬರದು." ಇದು ಹಸುವಿನ ಬೇಡ. ಪಕ್ಕದ ಮನೆಯವಳ ಹತ್ತಿರ ನಾನೇ ಹೋಗಿ ಮಾತಾಡಿದೆ. ಮೂರನೇ ಬೇಡ: "ಮಂಡಿ ನೋವು, ಅಷ್ಟೊಂದು ಮೆಟ್ಲು ಹತ್ತಕಾಯ್ತದಾ." ಇದು ಮಂಡಿಯ ಬೇಡ. ಮೆಟ್ಟಿಲಿಲ್ಲದ ಕಡೆ ಹೋಗೋಣ ಅಂದೆ. ನಾಲ್ಕನೇ ಬೇಡ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರು ಬೇಡ, ರೈಲಲ್ಲಿ ಓಗುವ" ಅಂದಳು.

ಅವರ ಬೇಡ ಅಂದರೆ ಇಷ್ಟೇ, ಒಂದೊಂದು ಬೇಡದ ಹಿಂದೆಯೂ ಒಂದು ಕೆಲಸ ಬಾಕಿ ಇರುತ್ತೆ. ಆ ಮೂರು ಕೆಲಸ ಮಾಡಿಕೊಡೋಕೆ ನಮಗೆ ಪುರುಸೊತ್ತಿಲ್ಲ. ಥಿಯೇಟರ್ ಬುಕ್ ಮಾಡೋಕೆ ಐದು ನಿಮಿಷ ಸಾಕು, ಅದಕ್ಕೇ ಸರ್ಪ್ರೈಸ್. ಸೋಮಾರಿತನ ಅಂದಿದ್ದು ಇದನ್ನೇ.

ಮದ್ದೂರಿನಲ್ಲಿ ರೈಲು ಹತ್ತಿದೆವು. ಬೋಗಿಯಲ್ಲಿ ವಡೆ ಮಾರೋನು ಬಂದ, ಅವ್ವ ಎರಡು ತಿಂದು ಎರಡು ಮೊಮ್ಮಗಳಿಗೆ ಕಟ್ಟಿಸಿಕೊಂಡಳು. ದಶಪಥ ಹೆದ್ದಾರಿಯ ಮೇಲ್ಸೇತುವೆಯಲ್ಲಿ ಮದ್ದೂರು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ಮೈಸೂರು ಸಿಲ್ಕ್ ಉಟ್ಟಿದ್ದಳು. ಮಾತ್ರೆ ಡಬ್ಬಿ ಬ್ಯಾಗಿನಲ್ಲಿತ್ತು. ಅವಳ ಪಟ್ಟಿಯಲ್ಲಿ ಮೂರು ಜಾಗ ಇದ್ದವು. ಲಾಲ್‌ಬಾಗು, ಮದುವೆಯಾಗುವಾಗ ಅಪ್ಪ ಕರ್ಕೊಂಡು ಹೋಗ್ತೀನಿ ಅಂತ ಹೇಳಿ ಕರ್ಕೊಂಡು ಹೋಗಿರಲಿಲ್ಲವಂತೆ. ಚಿಕ್ಕಪೇಟೆ, ಪಕ್ಕದ ಮನೆಯವಳು ಹಾಲು ಕರೆದಿದ್ದಕ್ಕೆ ಒಂದು ಸೀರೆ. ಮೂರನೆಯದು ನಾನು ಕನಸಲ್ಲೂ ಊಹಿಸಿರಲಿಲ್ಲ. "ನೀ ಕೆಲಸ ಮಾಡೋ ಜಾಗ ತೋರ್ಸು."

ಹನ್ನೆರಡು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಒಂದು ಸಲವೂ ತೋರಿಸಿರಲಿಲ್ಲ. ವಿಸಿಟರ್ ಪಾಸ್ ಮಾಡಿಸಿ ಒಳಗೆ ಕರೆದುಕೊಂಡು ಹೋದೆ. ಶನಿವಾರ, ಯಾರೂ ಇರಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು, ಎರಡು ಸಲ ತಿರುಗಿ, "ದಿನಾ ಒಂಬತ್ತು ಗಂಟೆ ಇದ್ರಲ್ಲೇ ಕೂತಿರ್ತೀಯಾ? ಅದ್ಕೇ ನಿಂಗೆ ಬೆನ್ನು ನೋವು" ಅಂದಳು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿ, "ಒಂದು ಮರಾನೂ ಕಾಣಕ್ಕಿಲ್ವಲ್ಲಪ್ಪ" ಅಂದಳು. ಯಾವ ಇವೆಂಟ್ ಪ್ಲಾನರ್ ಹತ್ತಿರ ಈ ಪ್ಯಾಕೇಜ್ ಇದೆ ಹೇಳಿ.

ಸರ್ಪ್ರೈಸೇ ಬೇಡ ಅಂತ ನಾನು ಹೇಳ್ತಿಲ್ಲ. ಹೆಂಡತಿಗೆ ಕೊಡಿ, ಗೆಳೆಯನಿಗೆ ಕೊಡಿ, ಅವರು ನಿಮಗೆ ತಿರುಗಿಸಿ ಕೊಡ್ತಾರೆ, ಅದು ಸರಿಸಮ ಆಟ. ಇಷ್ಟ ಆಗದಿದ್ರೆ ಮುಖದ ಮೇಲೆ ಹೇಳ್ತಾರೆ ಕೂಡ. ಅಪ್ಪ ಅವ್ವ ಹೇಳಲ್ಲ. ನಮ್ಮ ದುಡ್ಡು, ನಮ್ಮ ಊರು, ನಮ್ಮ ಕಾರು. ಅವರಿಗೆ ದಾರಿಯೂ ಗೊತ್ತಿಲ್ಲ, ವಾಪಸ್ ಹೋಗೋಕೆ ಬಸ್ಸೂ ಗೊತ್ತಿಲ್ಲ. ಅಂಥವರನ್ನ ಕೇಳದೆ ಎತ್ತಿಕೊಂಡು ಬರೋದಕ್ಕೂ, ಮಗುವನ್ನ ಎತ್ತಿಕೊಂಡು ಹೋಗೋದಕ್ಕೂ ವ್ಯತ್ಯಾಸ ಇಲ್ಲ.

ಆ ಮದ್ದೂರಿನ ಹುಡುಗ ನಿನ್ನೆ ಮತ್ತೆ ಸಿಕ್ಕಿದ್ದ. ಮುಖ ಸಪ್ಪೆ. "ಫೋನ್ ಮಾಡಿ ಕೇಳ್ದೆ ಸರ್. ಬ್ಯಾಡ ಅಂದ್ಬುಟ್ರು ನಮ್ಮಪ್ಪ."

"ಯಾಕಂತೆ?"

"ಕಬ್ಬಿಗೆ ನೀರು ಬುಡಬೇಕಂತೆ."

"ಒಂದಾಯ್ತು" ಅಂದೆ. "ನೀರು ಬಿಡೋಕೆ ಯಾರನ್ನಾದ್ರೂ ನೋಡಿ, ಇನ್ನೊಂದು ಸಲ ಕೇಳು. ಇನ್ನೂ ಎರಡು ಬಾಕಿ ಇವೆ."