ಎರೆಹಾದಿಯಲ್ಲಿ ಪಿಕಪ್ ಗಾಡಿ

ಹಿಮದ ನಾಡುಗಳಲ್ಲಿ ಚಳಿಗಾಲ ಬಂತೆಂದರೆ ಗಾಲಿ ಜಾರುವ ಚಿಂತೆ. ನಮ್ಮ ಕಲಬುರಗಿ ಸೀಮೆಯಲ್ಲಿ ಹಿಮವಿಲ್ಲ. ಆದರೆ ಹಿಂಗಾರು ಮಳೆಗೆ ನೆನೆದ ಎರೆಮಣ್ಣು ಅದಕ್ಕೇನೂ ಕಡಿಮೆಯಲ್ಲ. ನೀರುಂಡು ಉಬ್ಬುವ ಈ ಜಿಗಟುಮಣ್ಣು ಟೈರಿನ ಗೀರುಗಳಲ್ಲಿ ಮೆತ್ತಿಕೊಂಡು ಗಾಲಿಯನ್ನೇ ನುಣುಪಾಗಿಸುತ್ತದೆ. ಕಮಲಾಪುರದ ಕೆಂಪು ಬಾಳೆಯನ್ನು ಕಲಬುರಗಿಯಲ್ಲಿ ಇಳಿಸಿ ಬರಿದಾಗಿ ಮರಳುವ ಪಿಕಪ್ ಗಾಡಿ, ಹೆದ್ದಾರಿ ಬಿಟ್ಟು ಹೊಲದ ಹಾದಿಗಿಳಿದೊಡನೆ ಹೂತುಕೊಳ್ಳುವುದುಂಟು. ಇಂಜಿನ್ನಿನ ಭಾರವೆಲ್ಲ ಮುಂದೆ, ನೂಕುವ ಗಾಲಿಗಳು ಹಿಂದೆ, ಹಿಡಿತ ಬರುವುದೆಂತು? ನಾಲ್ಕಾರು ಮರಳಿನ ಚೀಲಗಳನ್ನು ಹಿಂದಿನ ಅಚ್ಚಿನ ನೇರಕ್ಕೆ ಇರಿಸಿ ಹಗ್ಗದಿಂದ ಬಿಗಿಯಬೇಕು. ಭಾರಕ್ಕೆಂದು ಹೆಣ್ಣುಮಕ್ಕಳನ್ನೂ ಕೂಸುಗಳನ್ನೂ ಹಿಂದೆ ಕೂರಿಸುವುದನ್ನು ಮಾತ್ರ ನಾವು ಎಂದಿಗೂ ಒಪ್ಪಲಾರೆವು. ಗಾಡಿ ಮಗುಚಿದರೆ ಅವರಿಗೆ ಆಸರೆಯೇನಿದೆ?

ಸವೆದ ಟೈರಿಗೆ ಯಾವ ಉಪಾಯವೂ ಸಲ್ಲದು. ಕಾನೂನು ಕೇಳುವುದು 1.6 ಮಿ.ಮೀ. ಗೀರಿನ ಆಳ, ಕೆಸರಿಗೆ ಅದೂ ಸಾಲದು.

ಸಿಲುಕಿದಾಗ ಆಕ್ಸಿಲರೇಟರ್ ಒತ್ತಿದಷ್ಟೂ ಜಾರುವ ಗಾಲಿಯೊಂದೇ ತಿರುಗಿ ಗುಂಡಿ ತೋಡುತ್ತದೆ. ಇಳಿದು, ಗಾಲಿಯ ಮುಂದಿನ ಕೆಸರನ್ನು ಕೆದರಿ ತೆಗೆದು, ಗೋಣಿತಟ್ಟನ್ನೋ ಜೋಳದ ಕಣಕಿಯನ್ನೋ ಹಾಸಿ, ಎರಡನೆಯ ಗೇರಿನಲ್ಲಿ ಮೆಲ್ಲಗೆ ಹೊರಡಿಸಬೇಕು. ಆ ಹೊತ್ತಿನಲ್ಲಿ ಗಾಡಿಯ ಹಿಂದೆ ಯಾರೂ ನಿಲ್ಲಕೂಡದು. ಹಾಸಿದ್ದು ಚಿಮ್ಮಿ ಬಡಿಯುತ್ತದೆ.