ಹಳ್ಳಿ ದವಾಖಾನೆಯ ಕಥೆ ಬರೆಯುವವರು ಯಾರು?

ನಮ್ಮ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯಂಥ ಊರಿನಿಂದ ಜ್ವರ ಏರಿದ ಕೂಸನ್ನೋ ದಿನ ತುಂಬಿದ ಬಸುರಿಯನ್ನೋ ಕರೆದುಕೊಂಡು ಹೊರಟವರ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲು ಲಕ್ಷ್ಮೇಶ್ವರ, ಅಲ್ಲಿ ಆಗದಿದ್ದರೆ ಗದಗ, ಕೈಮೀರಿದರೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ. ಪ್ರತಿ ಕಡೆಯೂ ಒಬ್ಬ ವೈದ್ಯರು ಹೇಳಿದ್ದನ್ನು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೀಚುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಸೊಸೆಯನ್ನು ಮೂರು ದಿನ ತಡಮಾಡಿ ಯಾಕೆ ಕರೆತಂದರು, ಮಾತ್ರೆಗೆ ರೊಕ್ಕ ಯಾರ ಹತ್ತಿರ ಸಾಲ ತಂದರು ಎಂಬುದು ಯಾವ ಚೀಟಿಯಲ್ಲೂ ದಾಖಲಾಗುವುದಿಲ್ಲ.

ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಸಲ್ಲಿಸಬೇಕೆಂದು ಕರ್ನಾಟಕ 2012ರಲ್ಲಿ ಕಾಯ್ದೆ ತಂದಿತು. ಆಮೇಲೆ ಅದಕ್ಕೆ ತಿದ್ದುಪಡಿಗಳೂ ಬಂದವು. ಚರ್ಚೆಯೆಲ್ಲ ದಂಡ, ಹುದ್ದೆ, ಸಂಬಳದ ಸುತ್ತಲೇ ನಡೆಯಿತು. ಆ ಒಂದು ವರ್ಷದಲ್ಲಿ ಎಳೆಯ ವೈದ್ಯರು ಹಳ್ಳಿಯಲ್ಲಿ ಕಂಡದ್ದೇನು ಎಂದು ಕೇಳಿದವರು ಕಡಿಮೆ.

ನೂರು ವರ್ಷಗಳ ಹಿಂದೆ ಹೀಗೇ ಒಂದು ವರ್ಷ ಹಳ್ಳಿಯಲ್ಲಿ ಕಳೆದವನೊಬ್ಬ ಅದನ್ನು ಬರೆದಿಟ್ಟ. ರಷ್ಯನ್ ಲೇಖಕ ಮಿಖಾಯಿಲ್ ಬುಲ್ಗಾಕೋವ್ ಕೀವ್‌ನಲ್ಲಿ ವೈದ್ಯಕೀಯ ಮುಗಿಸಿದ ವರ್ಷವೇ, 1916ರ ಸೆಪ್ಟೆಂಬರ್‌ನಲ್ಲಿ, ಸ್ಮೊಲೆನ್ಸ್ಕ್ ಪ್ರಾಂತದ ನಿಕೋಲ್ಸ್ಕೊಯೆ ಎಂಬ ಹಳ್ಳಿಯ ಆಸ್ಪತ್ರೆಗೆ ಬಂದ. ಒಂದು ವರ್ಷದ ಬಳಿಕ ಅವನಿಗೆ ಸಿಕ್ಕ ಪ್ರಮಾಣಪತ್ರದಲ್ಲಿ ಹೊರರೋಗಿಗಳ ಸಂಖ್ಯೆ 15,361, ಒಳರೋಗಿಗಳ ಸಂಖ್ಯೆ 211. ಅಂದರೆ ದಿನಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು ಜನ. ಆ ದಿನಗಳೇ 1925-26ರಲ್ಲಿ ಕಥೆಗಳಾಗಿ ಬಂದವು, ಅವುಗಳಲ್ಲಿ ಹೆಚ್ಚಿನವು ವೈದ್ಯಕೀಯ ಕೆಲಸಗಾರರ ಪತ್ರಿಕೆಯೊಂದರಲ್ಲಿ. ಒಂದು ಕಥೆಯಲ್ಲಿ ಗಂಟಲಮಾರಿಯಿಂದ ಉಸಿರು ಕಟ್ಟಿದ ಪುಟ್ಟ ಹುಡುಗಿ. ಗಂಟಲು ಕೊಯ್ಯಲು ಅಜ್ಜಿ ಬಿಡುವುದಿಲ್ಲ. ಕೈನಡುಗುವ ವೈದ್ಯ ಕೊನೆಗೂ ಶಸ್ತ್ರಕ್ರಿಯೆ ಮಾಡುತ್ತಾನೆ, ಮಗು ಉಳಿಯುತ್ತದೆ, ಅವನು ಅದಕ್ಕೆ ಉಕ್ಕಿನ ಗಂಟಲು ಹಾಕಿದನೆಂಬ ಸುದ್ದಿ ಹಬ್ಬಿ ಜನ ದವಾಖಾನೆಗೆ ಮುಗಿಬೀಳುತ್ತಾರೆ. ಇನ್ನೊಂದರಲ್ಲಿ ದಿನಕ್ಕೊಂದರಂತೆ ನುಂಗಬೇಕಿದ್ದ ಕ್ವಿನೈನ್ ಪುಡಿಯನ್ನೆಲ್ಲ ಒಂದೇ ಸಲಕ್ಕೆ ನುಂಗಿ ಸಾಯುವ ಹಂತಕ್ಕೆ ಬಂದ ಗಿರಣಿಯವನಿದ್ದಾನೆ. ನಮ್ಮ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಈ ಕಥೆ ಓದಿ ಹೇಳಿದರೆ ಇಂಥವರನ್ನು ತಾನೂ ಕಂಡಿದ್ದೇನೆ ಎಂದಾಳು.

ಅವನಿಗಿಂತ ಮುಂಚೆ ರಷ್ಯದ ಇನ್ನೊಬ್ಬ ವೈದ್ಯ ಲೇಖಕ ಚೆಕಾಫ್ ಇದ್ದ. 1892ರಲ್ಲಿ ಕಾಲರಾ ಬಂದಾಗ ತಾನಿದ್ದ ಮೆಲಿಖೊವೊದ ಸುತ್ತಲಿನ 25 ಹಳ್ಳಿಗಳ ಹೊಣೆಯನ್ನು ಸಂಬಳವಿಲ್ಲದೆ ಹೊತ್ತ. ಕ್ಷಯ ಆಗಲೇ ಅವನೆದೆಯಲ್ಲಿ ಕೂತಿತ್ತು. ಊರಿನ ಕೊಳೆತ ಆಸ್ಪತ್ರೆಯ ಕಥೆ ‘ಆರನೇ ವಾರ್ಡು’ ಪ್ರಕಟವಾದದ್ದೂ ಅದೇ ವರ್ಷ.

ಕನ್ನಡಕ್ಕೆ ಇದು ಹೊಸದಲ್ಲ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅನುಪಮಾ ನಿರಂಜನ ಮೈಸೂರಿನಲ್ಲಿ ವೈದ್ಯಕೀಯ ಓದಿ, ನಮ್ಮ ಪಕ್ಕದ ಧಾರವಾಡದಲ್ಲೂ ಆಮೇಲೆ ಬೆಂಗಳೂರಿನಲ್ಲೂ ರೋಗಿಗಳನ್ನು ನೋಡಿದರು. ಹೆಂಗಸರು ಗಂಡನೆದುರು, ಅತ್ತೆಯೆದುರು ಬಾಯಿಬಿಡದ ಸಂಗತಿಗಳು ವೈದ್ಯೆಯ ಮುಂದೆ ಬಾಯಿಗೆ ಬರುತ್ತವೆ. ಆ ತಿಳಿವಳಿಕೆ ಅವರ ಕಾದಂಬರಿಗಳಲ್ಲಿದೆ. ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ‘ಮಾಧವಿ’ಯಲ್ಲಿ ಕುದುರೆಗಳಿಗಾಗಿ ರಾಜರಿಂದ ರಾಜರಿಗೆ ಕೈಬದಲಾದ ಪುರಾಣದ ಹೆಣ್ಣೊಬ್ಬಳು ಮಾತಾಡಿದಳು. ಆದರೆ ಕನ್ನಡದ ಮನೆಮನೆಗೆ ಅವರು ಹೊಕ್ಕದ್ದು ‘ತಾಯಿ ಮಗು’, ‘ವಧುವಿಗೆ ಕಿವಿಮಾತು’ ಪುಸ್ತಕಗಳಿಂದ. ಬಸಿರು, ಬಾಣಂತನ, ದೇಹದ ಬಗ್ಗೆ ಪಿಸುಮಾತಿನಲ್ಲೇ ಉಳಿದಿದ್ದನ್ನು ಅಚ್ಚಿನಲ್ಲಿ, ಮರ್ಯಾದೆಯಿಂದ, ತಿಳಿಗನ್ನಡದಲ್ಲಿ ಹೇಳಿದ ಪುಸ್ತಕಗಳವು. ವಿಮರ್ಶಕರು ಅವನ್ನು ಸಾಹಿತ್ಯದ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ತಪ್ಪು. ಅವು ಉಳಿಸಿದ ಜೀವಗಳನ್ನು ಎಣಿಸುವುದು ಸಾಧ್ಯವಿಲ್ಲ. ಕ್ಯಾನ್ಸರ್ ತಮ್ಮನ್ನೇ ಹಿಡಿದಾಗಲೂ ಅವರು ಅದರ ಬಗ್ಗೆ ಬರೆದರು. 1991ರಲ್ಲಿ ತೀರಿಕೊಂಡರು.

ಗದಗಿನ ಮಗ ಡಾ. ಸ.ಜ. ನಾಗಲೋಟಿಮಠರು ರೋಗಶಾಸ್ತ್ರಜ್ಞರು, ಹುಬ್ಬಳ್ಳಿ ಕಿಮ್ಸ್‌ನ ನಿರ್ದೇಶಕರಾಗಿದ್ದವರು. ವೈದ್ಯವಿಜ್ಞಾನವನ್ನು ಕನ್ನಡದಲ್ಲಿ ಬರೆದರು, ತಮ್ಮ ಬದುಕನ್ನು ‘ಬಿಚ್ಚಿದ ಜೋಳಿಗೆ’ ಎಂಬ ಆತ್ಮಕಥೆಯಲ್ಲಿ ಬಿಚ್ಚಿಟ್ಟರು. ಇವತ್ತಿನ ಮಾತಿಗೆ ಬಂದರೆ, ಹೊನ್ನಾವರದ ಕವಲಕ್ಕಿಯಂಥ ಸಣ್ಣ ಊರಿನಲ್ಲಿ ರೋಗಿಗಳನ್ನು ನೋಡುತ್ತಲೇ ಡಾ. ಎಚ್.ಎಸ್. ಅನುಪಮಾ ಅಕ್ಕಮಹಾದೇವಿಯ ಮೇಲೆ ‘ಬೆಳಗಿನೊಳಗು’, ಕಸ್ತೂರಬಾ ಮೇಲೆ ‘ನಾನು ಕಸ್ತೂರ್’ ಬರೆದಿದ್ದಾರೆ. ಅವರ ಪುಸ್ತಕಗಳನ್ನು ಹೊರತಂದವರಲ್ಲಿ ಗದಗಿನ ಲಡಾಯಿ ಪ್ರಕಾಶನವೂ ಇದೆ. ಬರೆಯುವ ವೈದ್ಯರೂ ಇದ್ದಾರೆ, ಅಚ್ಚು ಹಾಕುವ ಪ್ರಕಾಶಕರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಹಾಗಿದ್ದರೆ ಕೊರತೆ ಎಲ್ಲಿದೆ? ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್) 2015ರಿಂದ ಮಲ್ಲಸಮುದ್ರದ ಬಳಿ ವೈದ್ಯರನ್ನು ತಯಾರು ಮಾಡುತ್ತಿದೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಹೊಲಗಳಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಂಗಸರ ಬೆನ್ನುನೋವು, ಕೀಟನಾಶಕ ಸಿಂಪಡಿಸಿ ತಲೆಸುತ್ತಿ ಬಿದ್ದ ಆಳು, ಬಾಲ್ಯದಲ್ಲೇ ಮದುವೆಯಾಗಿ ಬಂದ ಬಸುರಿ, ಇವರನ್ನೆಲ್ಲ ಮೊದಲು ಕಾಣುವವರು ಈ ಹುಡುಗ ಹುಡುಗಿಯರೇ. ಆದರೆ ಅವರಿಗೆ ಬರೆಯಲು ಹೊತ್ತಿಲ್ಲ ಎನ್ನುವುದು ನಿಜವಾದ ಕಷ್ಟ. ಬುಲ್ಗಾಕೋವ್ ಕೂಡ ಆ ವರ್ಷ ಕಂಡದ್ದನ್ನು ಕಥೆಯಾಗಿ ಅಚ್ಚಿಗೆ ಕೊಟ್ಟದ್ದು ವರ್ಷಗಳ ನಂತರ. ರೋಗಿಯ ಗುಟ್ಟು ಬಯಲಾದೀತೆಂಬ ಅಂಜಿಕೆ ಇನ್ನೂ ದೊಡ್ಡದು, ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಹೆಸರು, ಊರು, ಗುರುತು ಬದಲಿಸುವುದನ್ನು ಮೊದಲ ಪಾಠವಾಗಿ ಕಲಿಸಬೇಕು.

ಜಿಮ್ಸ್ ಮತ್ತು ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಕೈಜೋಡಿಸಿ ಹಳ್ಳಿಗೆ ಹೊರಡುವ ಪ್ರತಿ ತಂಡಕ್ಕೂ ಒಂದು ನೋಟ್‌ಬುಕ್ಕನ್ನೂ, ಅನುಪಮಾ ನಿರಂಜನ ಮತ್ತು ನಾಗಲೋಟಿಮಠರ ಒಂದೊಂದು ಪುಸ್ತಕವನ್ನೂ ಕೊಡಲಿ. ವರ್ಷದ ಕೊನೆಗೆ ಬಂದ ಬರಹಗಳಲ್ಲಿ ಒಳ್ಳೆಯವನ್ನು ಆರಿಸಿ ಅಚ್ಚು ಹಾಕಲಿ. ಇದಕ್ಕೆ ಬೆಂಗಳೂರಿನಿಂದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ಬರುವ ತಂಡದಿಂದಲೇ ಶುರುಮಾಡಲಿ.