4ಕೆ ಡಿಸ್ಕ್‌ಗೆ ಅಂಕ ಕೊಡೋ ಮುಂಚೆ

ಡಬ್ಬಿ ಮೇಲೆ 4ಕೆ ಅಂತ ಬರೆದ ಮಾತ್ರಕ್ಕೆ ಚಿತ್ರ ಚೆನ್ನಾಗಿರುತ್ತೆ ಅಂತೇನಿಲ್ಲ. ಆನಿಮೇಷನ್ ಸಿನಿಮಾ ಆದರಂತೂ ಪಿಕ್ಸೆಲ್ ಎಣಿಸೋದು ಬಿಟ್ಟು ಮೂರು ವಿಷಯ ನೋಡಿ.

ಒಂದು, ಬಣ್ಣ. ಆಕಾಶ, ಮಂಜು, ದೀಪದ ಸುತ್ತಲಿನ ಬೆಳಕು ತೆರೆ ಮೇಲೆ ಬಂದಾಗ ಗಮನಿಸಿ. ಬಣ್ಣ ನಯವಾಗಿ ಬದಲಾಗಬೇಕು. ಪಟ್ಟೆ ಪಟ್ಟೆಯಾಗಿ ಕಂಡರೆ ದೋಷ. ಮಾಮೂಲಿ ಬ್ಲೂ-ರೇಯ 8 ಬಿಟ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. ಅಲ್ಟ್ರಾ ಎಚ್‌ಡಿಯ 10 ಬಿಟ್‌ನಲ್ಲಿ 1024. ಡಿಸ್ಕಿನ ನಿಜವಾದ ಲಾಭ ಇಲ್ಲೇ ಇರೋದು.

ಎರಡು, ಕಣ. 1988ರ ಜಪಾನಿನ ‘ಅಕೀರಾ’ ಕೈಯಲ್ಲಿ ಬರೆದು ಫಿಲ್ಮ್‌ನಲ್ಲಿ ಸೆರೆಹಿಡಿದ ಚಿತ್ರ. ಅಲ್ಲಿ ಸಣ್ಣ ಕಣಗಳು ಕಾಣಲೇಬೇಕು. ಅವನ್ನು ಕಂಪ್ಯೂಟರ್‌ನಲ್ಲಿ ಅತಿಯಾಗಿ ಒರೆಸಿದರೆ ಕಲಾವಿದರ ಗೆರೆಯೂ ಮಾಸುತ್ತೆ.

ಮೂರು, ಉದ್ದೇಶ. ಹೋದ ಸಲ ಬಿಳಿಚೋಡಿಗೆ ಹೋದಾಗ 2018ರ ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’ ಡಿಸ್ಕ್ ಹಾಕಿದ್ದೆ. ಅಣ್ಣನ ಮಗ ಕೇಳಿದ: “ಚಿಕ್ಕಪ್ಪಾ, ಅಂಚೆಲ್ಲಾ ಎರಡೆರಡು ಕಾಣ್ತಾವೆ, ಡಿಸ್ಕ್ ಕೆಟ್ಟೈತಾ?” ಕೆಟ್ಟಿಲ್ಲ. ಅಚ್ಚಿನಲ್ಲಿ ಬಣ್ಣ ಪಕ್ಕಕ್ಕೆ ಸರಿದ ಹಳೆ ಕಾಮಿಕ್ಸ್ ಥರ ಕಾಣಲಿ ಅಂತಲೇ ಹಾಗೆ ಮಾಡಿದ್ದಾರೆ. ಶುರುವಿನಲ್ಲಿ ನಾಯಕ ಮೈಲ್ಸ್ ಸ್ವಲ್ಪ ತಡವರಿಸಿದಂತೆ ಓಡೋದೂ ಬೇಕಂತಲೇ. ಟಿವಿಯ ಶಾರ್ಪ್‌ನೆಸ್ ಏರಿಸಿದರೆ, ಮೋಷನ್ ಸ್ಮೂತಿಂಗ್ ಆನ್ ಮಾಡಿದರೆ ಅಷ್ಟೂ ಜನರ ಕೆಲಸ ಹಾಳು.

ಡಿಸ್ಕ್ 100 ಜಿಬಿವರೆಗೂ ಹಿಡಿಯುತ್ತೆ, ಓಡೋಕೆ ನೆಟ್‌ನ ಹಂಗಿಲ್ಲ. ಊರಿನ ಮನೆಗೆ ಅದು ಸಣ್ಣ ಮಾತಲ್ಲ. ಆದರೆ ಅಲ್ಟ್ರಾ ಎಚ್‌ಡಿ ಪ್ಲೇಯರ್, ಒಳ್ಳೆ ಎಚ್‌ಡಿಆರ್ ಟಿವಿ ಎರಡೂ ಇಲ್ಲದೆ ದುಡ್ಡು ಸುರಿಯಬೇಡಿ. ಇದ್ದರೆ, ಮೊದಲು ಟಿವಿಯನ್ನು ಸಿನಿಮಾ ಮೋಡ್‌ಗೆ ಹಾಕಿ. ಡಿಸ್ಕಿಗೆ ಅಂಕ ಆಮೇಲೆ.